ಗೋಡೆಯ ಮೇಲೆ ಗೋಡೆಯ ಚಿತ್ರ

ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಪ್ರದರ್ಶನ. ವಿಷಯ, ಕ್ಯಾಂಪಸ್‌ಗಳ ಬ್ರೂಟಲಿಸ್ಟ್ ಕಟ್ಟಡಗಳು. ಗ್ಯಾಲರಿ ಸಜ್ಜು ಮಾಡುವ ಕೆಲಸ ನನ್ನ ತಲೆಗೆ ಬಂತು.

ಹೆಸರು ಕೇಳಿ ಹೆದರಬೇಡಿ. ಅದರ ಬೇರು ಫ್ರೆಂಚರ 'ಬೆತೋಂ ಬ್ರೂ', ಅಂದರೆ ಇದ್ದ ಹಾಗೇ ಬಿಟ್ಟ ಕಾಂಕ್ರೀಟು. ಗಾರೆ ಇಲ್ಲ, ಬಣ್ಣ ಇಲ್ಲ. ಬನ್ನೇರುಘಟ್ಟ ರಸ್ತೆಯ ಐಐಎಂ ಒಳಗೆ ಹೋದವರು ನೋಡಿರುತ್ತೀರಿ: ಒರಟು ಕಲ್ಲಿನ ಗೋಡೆ, ಮೇಲೆ ಬೆತ್ತಲೆ ಕಾಂಕ್ರೀಟ್ ತೊಲೆ. ವಾಸ್ತುಶಿಲ್ಪಿ ಬಿ.ವಿ. ದೋಶಿಯವರ ಕೆಲಸ. 2018ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ನಮ್ಮಲ್ಲೂ ಲಾಡು ಹಂಚಿದ್ದರು.

ಅದೃಷ್ಟ ನೋಡಿ, ನಮ್ಮ ಗ್ಯಾಲರಿಯ ಗೋಡೆಯೂ ಅಂಥದ್ದೇ. ಸೆಂಟ್ರಿಂಗ್ ಹಲಗೆಯ ಎಳೆ, ಗಂಟು ಎಲ್ಲ ಕಾಂಕ್ರೀಟಿನಲ್ಲಿ ಅಚ್ಚೊತ್ತಿ ಕೂತಿವೆ. ಬಾಗಿಲ ಪಕ್ಕ ಒಂದು ಮೊಳೆಯ ತಲೆ ಕೂಡ ಕಾಣುತ್ತದೆ. ಅರ್ಧ ಕೆಲಸ ಗೋಡೆಯೇ ಮಾಡಿಕೊಟ್ಟಿದೆ ಅಂದುಕೊಂಡೆ.

ಸಮಿತಿ ಒಪ್ಪಲಿಲ್ಲ. "ಗೆಸ್ಟ್ ಬರ್ತಾರೆ ಸರ್, ಗೋಡೆ ಹೀಗಿದ್ರೆ ಹೇಗೆ?"

ಕಂಟ್ರಾಕ್ಟರ್ ಬಂದ. ಮೂರೇ ದಿನದಲ್ಲಿ ಕಾಂಕ್ರೀಟು ಪೂರಾ ಜಿಪ್ಸಮ್ ಬೋರ್ಡಿನ ಹಿಂದೆ ಹೋಯಿತು. ಮೇಲೆ ಬಿಳಿ ಬಣ್ಣ. ಆಮೇಲೆ ಯಾರಿಗೋ ಬರೀ ಬಿಳಿ ಸಪ್ಪೆ ಅನ್ನಿಸಿತು. ಥೀಮ್‌ಗೆ ಹೊಂದಬೇಕು, ಅಲ್ವಾ? ಕಾಂಕ್ರೀಟ್ ಡಿಸೈನಿನ ವಾಲ್‌ಪೇಪರ್ ತರಿಸಿ ಅಂಟಿಸಿದರು. ಹೊಳಪು ಸ್ವಲ್ಪ ಜಾಸ್ತಿಯಾಯಿತು.

ಹುಡುಗಿಯೊಬ್ಬಳು ಮುಂಚೆಯೇ ಆ ಗೋಡೆಗೆ ಕಾಗದ ಒತ್ತಿ, ಪೆನ್ಸಿಲ್ ಉಜ್ಜಿ, ಹಲಗೆಯ ಎಳೆಗಳನ್ನು ಮೂಡಿಸಿದ್ದಳು. ಮೊಳೆಯ ತಲೆಯೂ ಬಂದಿತ್ತು. ಇಡೀ ಪ್ರದರ್ಶನದಲ್ಲಿ ನನಗೆ ಇಷ್ಟವಾದದ್ದು ಅದೊಂದೇ. ಅದಕ್ಕೆ ಫ್ರೇಮ್ ಹಾಕಿಸಿ, ಅದೇ ಜಾಗದ ವಾಲ್‌ಪೇಪರ್ ಮೇಲೆ ನೇತುಹಾಕಿದೆವು. ಕೆಳಗೊಂದು ಚೀಟಿ: 'ಮುಟ್ಟಬೇಡಿ'.

ದೆಹಲಿಯ ಹಾಲ್ ಆಫ್ ನೇಷನ್ಸ್ ಕಾಂಕ್ರೀಟಿನ ಪ್ರದರ್ಶನ ಭವನ, ಕ್ಯಾಂಪಸ್ ಕಟ್ಟಡವಲ್ಲ. ಆದರೂ ಹುಡುಗರು ಆಸೆಪಟ್ಟು ಬಿದಿರು ಕಡ್ಡಿಯಲ್ಲಿ ಅದರ ಮಾಡೆಲ್ ಮಾಡಿದ್ದರು. ಹೂಗುಚ್ಛದ ಟೇಬಲ್‌ಗೆ ಜಾಗ ಬೇಕಂತ ರಾತ್ರಿ ಯಾರೋ ಸರಿಸಲು ಹೋಗಿ ಪುಡಿಪುಡಿಯಾಯಿತು. 1972ರ ಆ ಕಟ್ಟಡವನ್ನೂ 2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿಯೇ ಕೆಡವಿದ್ದು. ಮಾಡೆಲ್ ಅಂದರೆ ಹಾಗಿರಬೇಕು.

ಉದ್ಘಾಟನೆ ಜೋರಾಗಿ ನಡೆಯಿತು. 'ಮುಚ್ಚುಮರೆಯಿಲ್ಲದ ವಾಸ್ತುಶಿಲ್ಪ' ಅಂತ ಮುಖ್ಯ ಅತಿಥಿಗಳು ಹೇಳಿದಾಗ ಒಳ್ಳೆ ಚಪ್ಪಾಳೆ ಬಿತ್ತು. ಜಿಪ್ಸಮ್ಮಿಗೆ ಬಡಿದು ಇನ್ನೂ ಚೆನ್ನಾಗಿ ಕೇಳಿಸಿತು.

ಕಾಫಿಗೆ ಹೊರಗೆ ಕರೆದುಕೊಂಡು ಬಂದೆವು. ಪಡಸಾಲೆಯ ಗೋಡೆ ಇನ್ನೂ ಬರಿ ಕಾಂಕ್ರೀಟು. ಅತಿಥಿಗಳು ಲೋಟ ಹಿಡಿದು ಅದನ್ನೇ ದಿಟ್ಟಿಸಿದರು.

"ಒಳಗಡೆ ಬಹಳ ಚೆನ್ನಾಗಿ ಮಾಡಿದ್ದೀರಿ. ಇಲ್ಲಿ ಪ್ಲಾಸ್ಟರಿಂಗ್ ಯಾವಾಗ?"

"ಮುಂದಿನ ಬಜೆಟ್‌ನಲ್ಲಿ ಹಾಕಿಸ್ತೀವಿ ಸರ್" ಅಂದರು ನಮ್ಮ ಪ್ರಿನ್ಸಿಪಾಲರು.

ಕಂಟ್ರಾಕ್ಟರ್ ಆಗಲೇ ಕಾಫಿ ಲೋಟ ಕೆಳಗಿಟ್ಟು ಟೇಪ್ ಎಳೆಯುತ್ತಿದ್ದ.