ಗ್ಲಾಸ್ ಎರಡು, ನಾಲಿಗೆ ಎರಡು

ನಾನೂ ನನ್ನ ಗಂಡನೂ ಜೊತೆಯಲ್ಲಿ ಕೂತು ಬಿಯರ್ ರುಚಿ ನೋಡಲು ಶುರು ಮಾಡಿ ಎರಡು ವರ್ಷ ಆಯಿತು. ಒಂದು ಸಂಜೆಗೆ ಮೂರೇ ಬಗೆ. ಒಂದೊಂದರಲ್ಲೂ ತಲೆಗೆ 100 ಮಿಲಿ, ಅದಕ್ಕಿಂತ ಜಾಸ್ತಿ ಇಲ್ಲ. ಈ ಎರಡು ವರ್ಷದಲ್ಲಿ ನಾವು ಮಾಡಿಕೊಂಡಿರುವ ನಿಯಮ ಒಂದೇ ಒಂದು. ಗುಟುಕು ಇಳಿದ ಮೇಲೆ ಯಾರೂ ಬಾಯಿ ಬಿಡಬಾರದು. ಮೊದಲು ಚೀಟಿಯಲ್ಲಿ ಬರೆಯಬೇಕು, ಆಮೇಲೆ ಮಾತು. ಜೊತೆಯಾಗಿ ರುಚಿ ನೋಡುವ ಎಲ್ಲರಿಗೂ ಇದನ್ನು ಹೇಳಬೇಕು ಅನಿಸಿ ಬರೆಯುತ್ತಿದ್ದೇನೆ.

ನಿಯಮ ಹುಟ್ಟಿದ್ದು ಹೆಫೆವೈಜನ್ ತೆರೆದ ದಿನ. ಜರ್ಮನಿಯ ಬವೇರಿಯಾ ಕಡೆಯ ಗೋಧಿ ಬಿಯರ್ ಅದು. ಸೋಸದೆ ಬಿಡುವುದರಿಂದ ಮಬ್ಬುಮಬ್ಬಾಗಿರುತ್ತದೆ, ಮೇಲೆ ದಪ್ಪ ನೊರೆ. ನಾನು ಇನ್ನೂ ಗ್ಲಾಸ್ ಮೂಗಿನ ಹತ್ತಿರ ತಂದಿರಲಿಲ್ಲ, ಅವನು "ಬಾಳೆಹಣ್ಣು ಕಣೇ!" ಎಂದು ಕೂಗಿದ. ಮುಗೀತು. ಅವತ್ತು ಆ ಗ್ಲಾಸಿನಲ್ಲಿ ನನಗೆ ಬಾಳೆಹಣ್ಣು ಬಿಟ್ಟು ಬೇರೇನೂ ಸಿಗಲಿಲ್ಲ.

ಅವನು ಹೇಳಿದ್ದು ನಿಜವೇ. ಬಿಯರಿಗೆ ಯಾರೂ ಹಣ್ಣು ಹಾಕಿರುವುದಿಲ್ಲ. ಆ ಬಗೆಯ ಯೀಸ್ಟ್ ಹುದುಗುವಾಗ ಐಸೊಅಮೈಲ್ ಅಸಿಟೇಟ್ ಎಂಬ ಪದಾರ್ಥ ಹುಟ್ಟುತ್ತದೆ, ಮಾಗಿದ ಬಾಳೆಹಣ್ಣಿನ ಘಮಕ್ಕೂ ಅದೇ ಕಾರಣ. ಆದರೆ ಅದೇ ಯೀಸ್ಟ್ ಲವಂಗದ ಘಮವನ್ನೂ ಕೊಡುತ್ತದೆ. ಮುಂದಿನ ವಾರ ಅದೇ ಬಿಯರನ್ನು ಇಬ್ಬರೂ ಸುಮ್ನೆ ಕೂತು ಕುಡಿದೆವು. ನನ್ನ ಚೀಟಿಯಲ್ಲಿ ಮೊದಲು ಬಂದ ಪದ ಲವಂಗ. ಬಾಳೆಹಣ್ಣು ಮೂರನೆಯದು. ಹಿಂದಿನ ವಾರ ನಾನು ಕುಡಿದದ್ದು ಬಿಯರನ್ನೋ ಅವನ ಮಾತನ್ನೋ ಎಂದು ಆವತ್ತು ತುಂಬಾ ಹೊತ್ತು ಯೋಚಿಸಿದೆ.

ಬಣ್ಣವೂ ಹೀಗೆಯೇ ಮೊದಲೇ ಮಾತಾಡಿಬಿಡುತ್ತದೆ. ಕಪ್ಪಗಿದ್ದರೆ ಸ್ಟ್ರಾಂಗ್, ತೆಳು ಹೊಂಬಣ್ಣ ಇದ್ದರೆ ಲೈಟ್ ಎಂದು ಬಹಳ ಜನ ನಂಬಿದ್ದಾರೆ. ಸ್ಟೌಟ್ ಎಂಬ ಬಗೆಯ ಬಿಯರಿಗೆ ಕಪ್ಪು ಬರುವುದು ಚೆನ್ನಾಗಿ ಹುರಿದ ಬಾರ್ಲಿಯಿಂದ, ಆಲ್ಕೋಹಾಲಿನಿಂದ ಅಲ್ಲ. ಹೆಸರಾಂತ ಸ್ಟೌಟ್ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಇರುವುದು ಸುಮಾರು ಶೇ. 4.2 ಆಲ್ಕೋಹಾಲ್. ಬೆಲ್ಜಿಯಂನ ಸನ್ಯಾಸಿ ಮಠದಲ್ಲಿ ತಯಾರಾಗುವ ವೆಸ್ಟ್‌ಮಾಲ್ ಟ್ರಿಪೆಲ್ ನೋಡಲು ಜೇನಿನ ಬಣ್ಣ, ಇರುವುದು ಶೇ. 9.5. ಒಮ್ಮೆ ಒಂದು ಕಡೆ ನಾವು ಒಂದು ಸ್ಟೌಟ್, ಒಂದು ಲಾಗರ್ (ತಣ್ಣಗೆ ಹುದುಗಿಸುವ, ಸಾಮಾನ್ಯವಾಗಿ ತಿಳಿ ಬಣ್ಣದ ಬಿಯರ್) ಹೇಳಿದ್ದೆವು. ತಂದವರು ಕೇಳದೆಯೇ ಕಪ್ಪು ಗ್ಲಾಸನ್ನು ಅವನ ಮುಂದೆ, ತಿಳಿ ಗ್ಲಾಸನ್ನು ನನ್ನ ಮುಂದೆ ಇಟ್ಟರು. ಸ್ಟೌಟ್ ಹೇಳಿದ್ದು ನಾನು! ಹೆಂಗಸಿನ ನಾಲಿಗೆಗೆ ಇಂಥದ್ದೇ ಸೇರುತ್ತದೆ ಎಂದು ಗ್ಲಾಸ್ ಇಡುವವರೇ ತೀರ್ಮಾನಿಸುವುದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್, ಹಾಪ್ಸ್ ಎಂಬ ಹೂವನ್ನು ಧಾರಾಳವಾಗಿ ಹಾಕಿ ಮಾಡುವ ಕಹಿ ಬಿಯರ್. ಅದರ ವಿಷಯಕ್ಕೆ ನಮ್ಮಿಬ್ಬರಿಗೂ ವರ್ಷಪೂರ್ತಿ ವಾದ ನಡೆದಿದೆ. ನನಗೆ ಆ ಕಹಿ ಇಷ್ಟ. ಅವನು ಒಂದು ಗುಟುಕಿಗೇ ಮುಖ ಕಿವುಚುತ್ತಿದ್ದ. "ಅಭ್ಯಾಸ ಆಗುತ್ತೆ, ಕುಡಿ" ಎಂದು ನಾನು ಬೆನ್ನು ಹತ್ತಿದೆ. ಹಾಗೆ ಮಾಡಬಾರದಿತ್ತು. ಕಹಿಯನ್ನು ಗುರುತಿಸುವ ಸುಮಾರು 25 ಬಗೆಯ ಗ್ರಾಹಕಗಳು, ಅಂದರೆ ರಿಸೆಪ್ಟರ್‌ಗಳು, ಮನುಷ್ಯರಲ್ಲಿವೆ. ಅವುಗಳ ಜೀನ್‌ಗಳು ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಕೆಲವು ಬಾಟಲಿಗಳ ಮೇಲೆ ಐಬಿಯು ಎಂಬ ಅಂಕಿ ಇರುತ್ತದೆ, ಅಲ್ವಾ? ಅದು ಬಿಯರಿನಲ್ಲಿರುವ ಕಹಿ ಪದಾರ್ಥದ ಅಳತೆ. ಅದೇ ಕಹಿ ಅವನಿಗೆ ಎಷ್ಟು ತಾಗುತ್ತದೆ ಎಂದು ಅವನೇ ಹೇಳಬೇಕು.

ಹೇಳಿದ್ದು ಅವನ ಚೀಟಿಗಳು. ಒಂದು ಸಂಜೆ ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡು ಓದುತ್ತಿದ್ದೆ. ಪ್ರತಿ ಐಪಿಎ ಚೀಟಿಯಲ್ಲೂ ಅವನು "ವಾಸನೆ ಬಹಳ ಚೆನ್ನಾಗಿದೆ, ಕಹಿ ತಡೆಯಲಾಗುವುದಿಲ್ಲ" ಎಂದೇ ಬರೆದಿದ್ದ. ಬಾಯಲ್ಲಿ ವಾದ ಮಾಡುವಾಗ ನನಗೆ ಕೇಳಿಸಿದ್ದು ಎರಡನೆಯ ಅರ್ಧ ಮಾತ್ರ! ಹಾಪ್ಸ್ ಹೂವನ್ನು ಶುರುವಿನಲ್ಲೇ ಹಾಕಿ ಜಾಸ್ತಿ ಹೊತ್ತು ಕುದಿಸಿದರೆ ಕಹಿ ಬಿಡುತ್ತದೆ. ಕುದಿಸಿ ಇಳಿಸಿದ ಮೇಲೆ ಹಾಕಿದರೆ ಘಮ ಉಳಿಯುತ್ತದೆ, ಕಹಿ ಅಷ್ಟಾಗಿ ಬರುವುದಿಲ್ಲ. ಹೀಗೆ ಘಮಕ್ಕೇ ಒತ್ತು ಕೊಟ್ಟು ಮಾಡುವ ಮಬ್ಬು ಐಪಿಎಗಳಿವೆ, ನ್ಯೂ ಇಂಗ್ಲೆಂಡ್ ಶೈಲಿ ಎನ್ನುತ್ತಾರೆ. ಅಂಥದ್ದೊಂದು ತಂದುಕೊಟ್ಟೆ. ಅವನು ತನ್ನ ಪಾಲು ಮುಗಿಸಿ ನನ್ನ ಗ್ಲಾಸಿನ ಕಡೆ ನೋಡಿದ.

ಇನ್ನೊಂದು ಮಾತು. ಹೋಲಿಸುವುದಾದರೆ ದೂರದವನ್ನಲ್ಲ, ಹತ್ತಿರದವನ್ನು ಪಕ್ಕಪಕ್ಕ ಇಡಿ. ಸ್ಟೌಟಿಗೂ ಲಾಗರಿಗೂ ವ್ಯತ್ಯಾಸ ಯಾರಿಗೂ ಗೊತ್ತಾಗುತ್ತದೆ. ಪಿಲ್ಸ್ನರ್ ಮತ್ತು ಹೆಲ್ಲೆಸ್ ಎಂಬ ಎರಡು ಲಾಗರ್ ಇಟ್ಟು ನೋಡಿ. ಪಿಲ್ಸ್ನರ್ 1842ರಲ್ಲಿ ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ಪಿಲ್ಸೆನ್ ಊರಿನಲ್ಲಿ ಹುಟ್ಟಿದ್ದು. ಯೋಸೆಫ್ ಗ್ರೋಲ್ ಎಂಬ ಬವೇರಿಯಾದವನು ಅಲ್ಲಿನ ಮೆದು ನೀರು, ತಿಳಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಝಾಟೆಟ್ಸ್ ಕಡೆಯ ಹಾಪ್ಸ್ ಸೇರಿಸಿ ಮಾಡಿದ. ಹೆಲ್ಲೆಸ್ 1894ರಲ್ಲಿ ಮ್ಯೂನಿಕ್‌ನ ಸ್ಪಾಟೆನ್ ಬ್ರೂವರಿಯವರು ಹೊರತಂದದ್ದು, ಪಿಲ್ಸ್ನರಿನ ಜನಪ್ರಿಯತೆಗೆ ಉತ್ತರವಾಗಿ. ಎರಡೂ ಹೊಂಬಣ್ಣ, ಎರಡೂ ತಣ್ಣಗೆ ನಿಧಾನವಾಗಿ ಹುದುಗಿದವು. ಪಿಲ್ಸ್ನರಿನಲ್ಲಿ ಕೊನೆಗೆ ಹಾಪ್ಸಿನ ಚುರುಕಾದ ಕಹಿ ನಿಲ್ಲುತ್ತದೆ, ಹೆಲ್ಲೆಸಿನಲ್ಲಿ ಬ್ರೆಡ್ಡಿನಂಥ ಮಾಲ್ಟ್ ರುಚಿ. ನಾವು ಮೂರು ಗ್ಲಾಸ್ ಇಡುತ್ತೇವೆ, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಒಬ್ಬರು ಸುರಿಯುವುದು, ಇನ್ನೊಬ್ಬರು ಬೇರೆಯದನ್ನು ಹುಡುಕುವುದು. ಮೊದಲ ಸಲ ಇಬ್ಬರಿಗೂ ಸಿಗಲಿಲ್ಲ. ನಾಲ್ಕನೇ ಸಲಕ್ಕೆ ಇಬ್ಬರಿಗೂ ಸಿಕ್ಕಿತು.

ಹಾಳಾದ ಬಿಯರನ್ನು ಆ ಶೈಲಿಯ ರುಚಿ ಎಂದು ತಿಳಿಯಬೇಡಿ. ಹಸಿರು ಬಾಟಲಿಯ ಒಂದು ಲಾಗರನ್ನು ನಾವು ಕಿಟಕಿ ಹತ್ತಿರ ಬಿಸಿಲಿಗೆ ಬಿಟ್ಟಿದ್ದೆವು. ತೆರೆದರೆ ಗಬ್ಬು ವಾಸನೆ. ಇಬ್ಬರೂ ಚೀಟಿಯಲ್ಲಿ ಆ ಬಗೆಗೇ ಸೊನ್ನೆ ಹಾಕಿದೆವು. ಬೆಳಕು ಬಿದ್ದರೆ ಹಾಪ್ಸಿನ ಕಹಿ ಪದಾರ್ಥ ಒಡೆದು ಆ ವಾಸನೆ ಬರುತ್ತದೆ, ಕಂದು ಬಾಟಲಿ ಅದನ್ನು ಎಷ್ಟೋ ತಡೆಯುತ್ತದೆ. ಇನ್ನೊಂದು ಬಾಟಲಿ ತಂದು, ಕತ್ತಲೆಯಲ್ಲಿ ಇಟ್ಟು, ಚೀಟಿ ತಿದ್ದಿದೆವು.

ಕಳೆದ ವಾರ ಗೂಜ್ ತೆರೆದೆವು. ಬ್ರಸೆಲ್ಸ್ ಸುತ್ತಮುತ್ತ ಗಾಳಿಯಲ್ಲಿನ ಯೀಸ್ಟ್ ತಾನಾಗಿ ಬಿದ್ದು ಹುದುಗುವ ಲ್ಯಾಂಬಿಕ್ ಬಿಯರುಗಳನ್ನು, ಎಳೆಯದು ಹಳೆಯದು ಬೆರೆಸಿ, ಬಾಟಲಿಯಲ್ಲಿ ಮತ್ತೆ ಹುದುಗಲು ಬಿಟ್ಟದ್ದು. ಬಾಯಿ ಜುಂ ಎನ್ನುವಷ್ಟು ಹುಳಿ. ನನ್ನ ಚೀಟಿ: "ಹಸಿ ಸೇಬಿನ ಸಿಪ್ಪೆ, ನಿಂಬೆ, ಇನ್ನೂ ಬೇಕು." ಅವನದು: "ಹಳೇ ಮರದ ಪೆಟ್ಟಿಗೆ, ಒದ್ದೆ ಹುಲ್ಲು, ಸಾಕು." ಗೂಜ್ ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ, ರುಚಿ ನಿಧಾನಕ್ಕೆ ಬದಲಾಗುತ್ತದೆ. ಹಾಗಾಗಿ ಅದರ ಜೊತೆಯ ಬಾಟಲಿಯನ್ನು ಕಪಾಟಿನ ಕತ್ತಲೆಯಲ್ಲಿ ನಿಲ್ಲಿಸಿದ್ದೇವೆ. ಎರಡೂ ಚೀಟಿಗಳನ್ನು ಅದರ ಮೈಗೆ ಅಂಟಿಸಿದ್ದೇನೆ. ಎರಡು ವರ್ಷ ಬಿಟ್ಟು ತೆರೆಯುವುದು.