ಹೆಡ್‌ಫೋನಿನೊಳಗಿನ ಇನ್ನೊಬ್ಬ

ಮನೆಯ ಕಂಪ್ಯೂಟರಿನಲ್ಲಿ ಹಾಡು ಮುದ್ರಿಸಲು ಕುಳಿತರೆ, ಹೆಡ್‌ಫೋನಿನಲ್ಲಿ ನನ್ನದೇ ದನಿ ಏದುಸಿರು ಬಿಡುತ್ತಾ ನನ್ನ ಹಿಂದೆ ಓಡಿಬರುತ್ತದೆ. ತಾಳ ಹಾಕುವ ಕೈಗೆ ಯಾರನ್ನು ನಂಬಬೇಕೆಂದೇ ತಿಳಿಯುವುದಿಲ್ಲ. ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ದನಿಯ ಕಂತು, 1024 ಸ್ಯಾಂಪಲ್ (ದನಿಯ ತುಣುಕು) ಇಟ್ಟರೆ, 44,100 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ತುಣುಕುಗಳ ಲೆಕ್ಕದಲ್ಲಿ, ದನಿ ಒಳಬರಲು ಸುಮಾರು 23 ಮಿಲಿಸೆಕೆಂಡ್, ಹೊರಹೋಗಲು ಮತ್ತಷ್ಟು. 128ಕ್ಕೆ ಇಳಿಸಿದೆ. ವಿಳಂಬವೇನೋ ತಗ್ಗಿತು, ಬದಲಿಗೆ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ! ಹಳೆಯ ಯಂತ್ರಕ್ಕೆ ಅಷ್ಟು ಅವಸರ ಆಗಿಬರುವುದಿಲ್ಲ, ಪಾಪ. ಕೊನೆಗೆ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸಿನಲ್ಲಿ, ದನಿಯನ್ನು ಕಂಪ್ಯೂಟರ್ ಸುತ್ತಿಸದೆ ನೇರ ಹೆಡ್‌ಫೋನಿಗೆ ಕೊಡುವ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿದೆ. ಈಗ ಹಾಡುವವರು ಇಬ್ಬರು! ಸಾಫ್ಟ್‌ವೇರಿನೊಳಗಿನ ಮಾನಿಟರಿಂಗ್, ಅಂದರೆ ಅಲ್ಲಿಂದಲೂ ದನಿ ಕೇಳಿಸುವ ಏರ್ಪಾಡು, ನಿಲ್ಲಿಸಲು ಮರೆತಿದ್ದೆ. ಅದನ್ನೂ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು ಪಲ್ಲವಿ ಎತ್ತಿದೆನೋ ಇಲ್ಲವೋ, ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅದು ಮಾತ್ರ ಒಂದಿಷ್ಟೂ ತಡವಿಲ್ಲದೆ ಕೇಳಿಸಿತು.