ಗಾಳಿ ಎಷ್ಟು ಹಾಕ್ಲಿ ಸಾರ್?

ಹೈಬ್ರಿಡ್ ಸೈಕಲ್ ಮಾರುವವರದ್ದು ಒಂದೇ ಮಂತ್ರ: "ರೋಡಿಗೂ ಆಗುತ್ತೆ ಸಾರ್, ಮಣ್ಣಿಗೂ ಆಗುತ್ತೆ." ಸುಳ್ಳೇನಲ್ಲ. ಆದರೆ ಒಂದೇ ಗಾಳಿಯಲ್ಲಿ ಎರಡಕ್ಕೂ ಆಗುತ್ತೆ ಅಂತ ಅವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದೂ ಇಲ್ಲ.

ಬೆಳಗಿನ ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ಹನ್ನೊಂದು ಕೆಜಿಯ ಅಲ್ಯೂಮಿನಿಯಂ ಸೈಕಲ್ಲು ಜುಮ್ಮನೆ ಓಡುತ್ತದೆ. ಎಪ್ಪತ್ತು ಕೆಜಿಯ ಆಸಾಮಿಗೆ 700 ಬೈ 38ರ (ಅಂದರೆ 38 ಮಿ.ಮೀ. ಅಗಲದ) ಟೈರಿನಲ್ಲಿ ಗಾಳಿಯ ಒತ್ತಡ ಹಿಂದೆ 60, ಮುಂದೆ 55 ಪಿಎಸ್‌ಐ ಇದ್ದರೆ ಡಾಂಬರಿಗೆ ಹೇಳಿ ಮಾಡಿಸಿದಂತಿರುತ್ತದೆ. ತುರಹಳ್ಳಿ ಕಡೆಯ ಮಣ್ಣುಹಾದಿಗೆ ಹೊರಳಿದೊಡನೆ ಅದೇ ಗಾಳಿ ಶತ್ರು. ಟೈರು ಕಲ್ಲನ್ನು ಹಿಡಿಯುವ ಬದಲು ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತದೆ, ಹಲ್ಲು ಕಟಕಟ ಎನ್ನುತ್ತದೆ, ತಿರುವಿನಲ್ಲಿ ಹಿಂದಿನ ಚಕ್ರ ತನ್ನಿಷ್ಟದ ದಾರಿ ಹಿಡಿಯುತ್ತದೆ. ಹಿಂದೆ 40, ಮುಂದೆ 35ಕ್ಕೆ ಇಳಿಸಿ, ಅದೇ ಸೈಕಲ್ಲು ಸಾಧುವಾಗುತ್ತದೆ.

ಇದನ್ನು ಕೇಳಿದ ಉತ್ಸಾಹಿಗಳು 20ಕ್ಕೇ ಇಳಿಸಿಬಿಡುತ್ತಾರೆ. ಆಗ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ, ಪಕ್ಕಪಕ್ಕದಲ್ಲಿ ಎರಡು ತೂತು. ಹಾವು ಕಚ್ಚಿದ ಗುರುತು ಅಂತ ಸೈಕಲ್ಲಿನವರು ಕರೆಯುವುದು ಇದನ್ನೇ. ಒಂದೇ ತೂತಿದ್ದರೆ ಅಪರಾಧಿ ಜಾಲಿ ಮುಳ್ಳು. ಆ ಮುಳ್ಳು ಟೈರಿನೊಳಗೇ ಕೂತಿರುತ್ತದೆ; ಹುಡುಕದೆ ಹೊಸ ಟ್ಯೂಬು ಹಾಕಿದರೆ ಹತ್ತು ನಿಮಿಷದಲ್ಲಿ ಅದಕ್ಕೂ ಅದೇ ಗತಿ. ಒಳಗೆ ಬರಿಬೆರಳು ಆಡಿಸಬೇಡಿ, ಬಟ್ಟೆ ಆಡಿಸಿ. ಮುಳ್ಳಿದ್ದಲ್ಲಿ ಬಟ್ಟೆ ತೊಡರಿಕೊಳ್ಳುತ್ತದೆ, ಬೆರಳೂ ಉಳಿಯುತ್ತದೆ.

ವಾಪಸ್ಸು ಡಾಂಬರಿಗೆ ಬಂದಾಗ ಗಾಳಿ ಬೇಕಲ್ಲ, ಪಂಚರ್ ಅಂಗಡಿಯೂ ಸಿಗುತ್ತದೆ. ಅಲ್ಲಿಂದ ನಾಟಕ ಶುರು. ನಿಮ್ಮದು ಕಡ್ಡಿಯಂಥ ಪ್ರೆಸ್ಟಾ ವಾಲ್ವು, ಅವರ ಪೈಪಿನ ಬಾಯಿ ಲಾರಿ-ಸ್ಕೂಟರಿನ ಅಳತೆಯದ್ದು. "ಇದೇನ್ ಸಾರ್, ಮೂತಿನೇ ಇಲ್ಲ!" ಹಿತ್ತಾಳೆಯ ಪುಟ್ಟ ಅಡಾಪ್ಟರು ಜೇಬಿನಲ್ಲಿದ್ದರೆ ಮಾನ ಉಳಿಯಿತು. ವಾಲ್ವಿನ ತುದಿಯ ಪುಟ್ಟ ನಟ್ಟು ಸಡಿಲಿಸಿ, ಒಮ್ಮೆ ಒತ್ತಿ ಪುಸ್ ಅನ್ನಿಸಿ, ಆಮೇಲೆ ಅಡಾಪ್ಟರು ತಿರುಗಿಸಿ. ನಟ್ಟು ಸಡಿಲಿಸದಿದ್ದರೆ ಒಳಗೆ ಗಾಳಿ ಹೋಗುವುದಿಲ್ಲ, ಅಂಗಡಿಯವರು ಮಾತ್ರ ಒತ್ತುತ್ತಲೇ ಇರುತ್ತಾರೆ. ಕಂಪ್ರೆಸರಿಗೆ ಈ ಸಣ್ಣ ಟ್ಯೂಬು ಒಂದೆರಡು ಸೆಕೆಂಡಿನ ತಿಂಡಿ. ಅವರು "ಎಷ್ಟು ಹಾಕ್ಲಿ ಸಾರ್?" ಅಂದಾಗ ನೀವು ಯೋಚಿಸುತ್ತ ನಿಂತರೆ ಉತ್ತರ ಢಮ್ಮೆಂದು ಟೈರೇ ಕೊಡುತ್ತದೆ. ಗೇಜಿರುವ ಪಂಪು ಮನೆಯಲ್ಲಿ, ಕೈಪಂಪು ಸೈಕಲ್ಲಿನಲ್ಲಿ. ಇಷ್ಟಕ್ಕೆ ಜಿಪುಣತನ ಬೇಡ.

ಮಳೆಗಾಲದ ಕೆಮ್ಮಣ್ಣಿನದು ಬೇರೆಯೇ ವರಸೆ. ಮಡ್‌ಗಾರ್ಡ್ ಇಲ್ಲದಿದ್ದರೆ ಅಂಗಿಯ ಬೆನ್ನ ಮೇಲೆ ಸೊಂಟದಿಂದ ಕುತ್ತಿಗೆವರೆಗೆ ಕೆಂಪು ನಾಮ. ಇದ್ದರೆ, ಟೈರಿಗೂ ಅದಕ್ಕೂ ನಡುವೆ ಒಂದು ಸೆಂಟಿಮೀಟರಾದರೂ ಜಾಗ ಇರಬೇಕು, ಇಲ್ಲವಾದರೆ ಜಿಗಟು ಮಣ್ಣು ತುಂಬಿಕೊಂಡು ಚಕ್ರವೇ ನಿಲ್ಲುತ್ತದೆ. ಆಮೇಲೆ ನೀವು ಸೈಕಲ್ಲನ್ನು ಹೊರಬೇಕು. ಹಗುರ ಸೈಕಲ್ಲಿನ ಬೆಲೆ ತಿಳಿಯುವುದು ಆಗ.

ಮನೆಗೆ ಬಂದವರು ನೇರ ಸರ್ವೀಸ್ ಸ್ಟೇಷನ್ನಿಗೆ ಹೋಗಿ ಸ್ಕೂಟರಿನ ಜೊತೆ ವಾಟರ್ ವಾಷ್ ಮಾಡಿಸುವುದುಂಟು. ಆ ರಭಸದ ನೀರು ಚಕ್ರದ ನಡುವಿನ ಹಬ್ಬಿನ, ಪೆಡಲ್ ಬುಡದ ಬೇರಿಂಗಿಗೆ ನುಗ್ಗಿ ಗ್ರೀಸು ತೊಳೆದುಬಿಡುತ್ತದೆ. ಒಂದು ಬಕೆಟ್ ನೀರು, ಒಂದು ಹಳೇ ಬ್ರಷ್ಷು ಸಾಕು. ತೊಳೆದವರ ಅತಿ ವಿನಯದಿಂದ ಬ್ರೇಕಿನ ಡಿಸ್ಕಿಗೂ ಎಣ್ಣೆ ಸ್ಪ್ರೇ ಬಿತ್ತೋ, ಬ್ರೇಕು ಹಿಡಿಯುವುದಿಲ್ಲ, ಬರೀ ಕಿರುಚುತ್ತದೆ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬಹುದು. ಎಣ್ಣೆ ಕುಡಿದ ಪ್ಯಾಡು ಮಾತ್ರ ಸಾಮಾನ್ಯವಾಗಿ ಕಸದ ಬುಟ್ಟಿಗೇ.

ಚೈನಿಗೆ ಹಳೇ ಇಂಜಿನ್ ಆಯಿಲ್ ಸುರಿಯುವ ಸಲಹೆ ಕೊಡುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಅದು ಧೂಳು ಹಿಡಿದು ಅರೆಯುವ ಪೇಸ್ಟಾಗುತ್ತದೆ. ಒಂದೊಂದು ರೋಲರಿಗೆ ಒಂದೊಂದು ತೊಟ್ಟು ಚೈನ್ ಲ್ಯೂಬು, ಹತ್ತು ನಿಮಿಷ ಬಿಟ್ಟು ಹೊರಗಿನದೆಲ್ಲ ಒರೆಸಿ. ಸವೆತ ನೋಡಲು ಮಕ್ಕಳ ಸ್ಕೇಲು ಸಾಕು: ಹೊಸ ಚೈನಿನ 24 ಕೊಂಡಿ ಸರಿಯಾಗಿ 12 ಇಂಚು. ಒಂದಿಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ಹೆಚ್ಚಾಗುವವರೆಗೆ ಕಾದರೆ ಹಿಂದಿನ ಕ್ಯಾಸೆಟ್ಟಿಗೂ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲಿಗೂ) ದುಡ್ಡು ಎತ್ತಿಡಿ.

ಇನ್ನು ಬೀಳುವ ವಿಚಾರ. ಆಯ್ಕೆಯಿದ್ದರೆ ಎಡಕ್ಕೆ ಬೀಳಿ. ಬಲಕ್ಕೆ ಬಿದ್ದರೆ ಗೇರು ಬದಲಿಸುವ ಡಿರೇಲರ್ ಹಿಡಿದಿರುವ ಹ್ಯಾಂಗರ್ ಬಾಗುತ್ತದೆ. ಫ್ರೇಮು ಉಳಿಯಲೆಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರದ ಹ್ಯಾಂಗರ್, ಆದ್ದರಿಂದ ಸೈಕಲ್ ಕೊಳ್ಳುವಾಗಲೇ ಇನ್ನೊಂದು ಕೇಳಿ ಪಡೆದು ಸೀಟಿನ ಕೆಳಗಿನ ಚೀಲದಲ್ಲಿಡಿ. ಇಲ್ಲದವರು ಚೈನನ್ನು ನಡುವಿನ ಗೇರಿನಲ್ಲೇ ಬಿಟ್ಟು ಮೆಲ್ಲಗೆ ತುಳಿಯಬೇಕು. ಏರು ಬಂತೆಂದು ದೊಡ್ಡ ಹಲ್ಲುಚಕ್ರಕ್ಕೆ ಹಾಕಿದರೆ ಡಿರೇಲರ್ ಚಕ್ರದ ಕಡ್ಡಿಗಳೊಳಗೆ ನುಗ್ಗಿ ಎರಡೂ ನಾಶ. ಮುಂದಿನ ಮಾತುಕತೆ ಆಟೋದವರ ಜೊತೆ, ಮೀಟರ್ ಮೇಲೆ ಒಂದೂವರೆ, ಸೈಕಲ್ಲಿಗೆ ಬೇರೆ.